ಬೀಗ ಮುಟ್ಟದ ಹತ್ತು ದಿನ

ಎಲ್ಲಕ್ಕೂ ಮೂಲ ಒಂದು ಮದುವೆ ಮನೆ. ಊಟಕ್ಕೆ ಕೂತಿದ್ದ ಬೀಗ ರಿಪೇರಿಯ ಐದುನಿಮಿಷದವರನ್ನು ಹೆಣ್ಣಿನ ಕಡೆಯವರು ಎಬ್ಬಿಸಿಕೊಂಡು ಹೋಗಿ, ಕೀಲಿ ಕಳೆದುಹೋದ ಬೀರುವಿನ ಮುಂದೆ ನಿಲ್ಲಿಸಿದರು. ಬೀರು ತೆಗೆದು ಕೈತೊಳೆದು ಬರುವಷ್ಟರಲ್ಲಿ ಕೊನೆಯ ಪಂಕ್ತಿಯೂ ಎದ್ದು, ಬಡಿಸುವವರು ಮೇಜು ಒರೆಸುತ್ತಿದ್ದರು. ಐದುನಿಮಿಷದವರಿಗೇನೂ ಬೇಸರವಾಗಲಿಲ್ಲ. ಹೆಂಡತಿಗೆ ಆಯಿತು.

ಅವರ ನಿಜವಾದ ಹೆಸರನ್ನು ಬೀದಿ ಎಂದೋ ಮರೆತಿತ್ತು. ಬೀಗ ರಿಪೇರಿ ಅಂಗಡಿಯ ಮೇಲೆ ‘ಯಾವ ಬೀಗವಾದರೂ ಐದು ನಿಮಿಷ’ ಎಂದು ಬರೆಸಿದ್ದೇ ತಪ್ಪಾಗಿ, ಅದೇ ಹೆಸರಾಗಿ ಅಂಟಿಕೊಂಡಿತು. ಅದೇ ಮಾತು, ಕೆಳಗೆ ಫೋನ್ ನಂಬರು, ಇಷ್ಟಿರುವ ಸ್ಟಿಕರುಗಳ ಕಟ್ಟೊಂದು ಸದಾ ಅವರ ಜೇಬಿನಲ್ಲಿರುತ್ತಿತ್ತು. ಖಾಲಿ ಗೋಡೆ ಕಂಡರೆ ಸಾಕು, ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಮೂವತ್ತು ವರ್ಷದ ಚಾಳಿ.

ಮದುವೆ ಮನೆಯಿಂದ ಬಂದ ದಿನವೇ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ರೀ, ಸಮುದ್ರ ಸಮುದ್ರ ಅಂತ ಎಷ್ಟು ವರ್ಷದಿಂದ ಬಡ್ಕೋತಿದ್ದೀರಿ. ಹೋಗೋಣ. ಹತ್ತು ದಿನ. ಆದ್ರೆ ಒಂದು ಬೀಗಾನೂ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೋ, ಗಾಡಿ ಸೀದಾ ನನ್ನ ತಮ್ಮನ ಮನೆಗೆ!”

ಭಾವಮೈದನೆಂದರೆ ಐದುನಿಮಿಷದವರಿಗೆ ಎದೆ ಝಲ್ಲೆನ್ನುತ್ತಿತ್ತು. ಆತ ಕೆಟ್ಟವನಲ್ಲ. ಆದರೆ ಕಂಡ ಕಂಡ ಹಳೇ ಪೆಟ್ಟಿಗೆಗಳನ್ನು ಕೀಲಿಯಿಲ್ಲದೆ ಕೊಂಡು ತರುವುದು ಅವನ ಹವ್ಯಾಸ. ಸಮುದ್ರಕ್ಕಾದರೋ ಬಾಗಿಲೇ ಇಲ್ಲ, ಬೀಗವೆಲ್ಲಿಂದ ಬರಬೇಕು? ದಡದಲ್ಲಿ ಮಡಚುವ ಕುರ್ಚಿ ಹಾಕಿ, ಕಾಲು ನೀರಿಗೆ ಬಿಟ್ಟು, ಏನೂ ಮಾಡದೆ ಕೂರಬೇಕೆನ್ನುವುದು ಅವರ ಜೀವಮಾನದ ಆಸೆ. ಕೇಳಿದ ತಕ್ಷಣ ಒಪ್ಪಿಕೊಂಡುಬಿಟ್ಟರು.

ಹಾಗೆ ಬಾಡಿಗೆಗೆ ಬಂತು ಮೋಟರ್‌ಹೋಮ್. ಒಳಗೆ ಎರಡು ಮಂಚ, ಒಲೆ, ಸಿಂಕು, ಹಿಂದೆ ಬೀರುವಿನಷ್ಟಗಲದ ಟಾಯ್ಲೆಟ್ಟು. “ಮನೇನೇ ಬರ್ತಿದೆ ಅಂದ್ಮೇಲೆ ನಾನೊಬ್ಬಳು ಮನೇಲಿದ್ದು ಏನು ಮಾಡ್ಲಿ?” ಎಂದು, ಮಗಳ ಮನೆಯಲ್ಲೇ ಇದ್ದ ಅತ್ತೆಯೂ ಹತ್ತಿ, ಕಿಟಕಿ ಪಕ್ಕದ ಸೀಟಿನಲ್ಲಿ ಉಣ್ಣೆ ಬಿಚ್ಚಿಕೊಂಡು ಕೂತರು. ಹೆಣೆಯುತ್ತಿದ್ದುದು ಪುಟ್ಟ ಸ್ವೆಟರು. ಯಾರಿಗೆ ಎಂದರೆ, “ಯಾರಿಗಾದ್ರೂ ಆಗುತ್ತೆ ಬಿಡಿ” ಎಂದರು.

ಮೊದಲ ತಿರುವಿನಲ್ಲೇ ಮೇಲಿನ ಕಪಾಟಿನ ಬಾಗಿಲು ತೆರೆದುಕೊಂಡು ಪಾತ್ರೆಗಳು ಉರುಳಿದವು. ಎರಡನೆಯ ತಿರುವಿನಲ್ಲಿ ಬಾಣಲೆ ಐದುನಿಮಿಷದವರ ನೆತ್ತಿಗೇ ಬಿತ್ತು. ಚಿಲಕ ಸಡಿಲ, ಒಂದು ಸ್ಕ್ರೂ ಬಿಗಿಸಿದರೆ ಮುಗಿಯಿತು. ಕೈ ಎತ್ತಿದರು.

“ಹೂಂ!” ಎಂದಳು ಹೆಂಡತಿ.

“ಇದು ಚಿಲಕ ಕಣೇ, ಬೀಗ ಅಲ್ಲ.”

“ಚಿಲಕ ಬೀಗದ ತಂಗಿ. ಕೈ ಕೆಳಗಿಳಿಸಿ.”

ಎರಡು ದಿನ ಪಾತ್ರೆಗಳ ಮಳೆಯಲ್ಲೇ ಗಾಡಿ ಓಡಿತು. ಸ್ಕ್ರೂ ಡ್ರೈವರು, ಕೊಕ್ಕೆ, ಸಣ್ಣ ಅರ ಎಲ್ಲವೂ ಇದ್ದವು, ಹಿಟ್ಟಿನ ಡಬ್ಬಿಯ ತಳದಲ್ಲಿ. ಅದು ಐದುನಿಮಿಷದವರೊಬ್ಬರಿಗೇ ಗೊತ್ತಿದ್ದ ಗುಟ್ಟು, ಎಂದು ಅವರು ನಂಬಿದ್ದರು.

ಮೂರನೆಯ ಬೆಳಿಗ್ಗೆ ಇಂಥ ಗಾಡಿಗಳೇ ತಂಗುವ ಮೈದಾನವೊಂದಕ್ಕೆ ಬಂದರು. ಸಮುದ್ರಕ್ಕೆ ಇನ್ನು ಒಂದೇ ಗಂಟೆಯ ದಾರಿ. ಗಾಳಿಯಲ್ಲಿ ಉಪ್ಪಿನ ವಾಸನೆ ಬರುತ್ತಿದೆಯೆಂದು ಐದುನಿಮಿಷದವರು ಮೂಗರಳಿಸಿದರು. ನೀರು ತುಂಬಿಸಲು ನಲ್ಲಿಯ ಹತ್ತಿರ ಹೋದಾಗ ಅಲ್ಲೊಂದು ನೋಟಿಸ್ ಬೋರ್ಡು, ಪೂರಾ ಖಾಲಿ. ಕೈ ಜೇಬಿಗೆ ಹೋಯಿತು. ಒಂದು ಸ್ಟಿಕರು ಅಂಟಿತು.

ಹನ್ನೊಂದಕ್ಕೆ ಇನ್ನೇನು ಹೊರಡಬೇಕು, ಟಾಯ್ಲೆಟ್ಟಿನೊಳಗಿಂದ ಅತ್ತೆಯ ದನಿ ಕೇಳಿಸಿತು.

“ಅಳಿಯಂದಿರೇ, ಬಾಗಿಲು ತೆಗೆಯೋಕೆ ಬರ್ತಾ ಇಲ್ಲ!”

“ಗುಂಡಿ ಎಡಕ್ಕೆ ತಿರುಗಿಸಿ ಅತ್ತೆ.”

“ತಿರುಗಿಸ್ದೆ. ಸಿಕ್ಕಾಕ್ಕೊಂಡಿದೆ!”

ಐದುನಿಮಿಷದವರ ಬೆರಳುಗಳು ತುರಿಸತೊಡಗಿದವು. ಹೆಂಡತಿಯ ಕಡೆ ನೋಡಿದರು. ಅವಳು ಆಕಾಶ ನೋಡುತ್ತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು.

ಇಂಥ ಸುದ್ದಿಗೆ ಕಾಲು ಬರುವುದು ಬೇಗ. ಪಕ್ಕದ ಗಾಡಿಯಿಂದ ಹಲ್ಲಿನ ಡಾಕ್ಟರು ಇಕ್ಕಳ ಹಿಡಿದು ಬಂದು, ಬೀಗದ ತೂತಿನಲ್ಲಿ ಟಾರ್ಚು ಬಿಟ್ಟು ನೋಡಿ, “ಇದನ್ನ ತುಂಬಾ ಹಿಂದೆಯೇ ತೋರಿಸ್ಬೇಕಿತ್ತು” ಎಂದರು. ಆಚೆ ಗಾಡಿಯ ನಿವೃತ್ತ ಬಸ್ ಡ್ರೈವರು, ಗಾಡಿಯನ್ನು ಜೋರಾಗಿ ಓಡಿಸಿ ಗಕ್ಕನೆ ಬ್ರೇಕು ಹಾಕಿದರೆ ಬಾಗಿಲು ತಾನಾಗಿಯೇ ತೆರೆಯುತ್ತದೆಂದರು. ಯೋಗದ ಮೇಡಂ ಒಬ್ಬರು ಗಾಡಿಯ ಹಿಂದೆ ನಿಂತು, ಸಣ್ಣ ಕಿಂಡಿಯತ್ತ ಬಾಯಿಟ್ಟು, “ಅಮ್ಮಾ, ಉಸಿರು ಒಳಗೆ ತಗೊಳ್ಳಿ” ಎಂದರು.

“ತಗೊಳ್ಳಲ್ಲಮ್ಮ, ಇದು ಟಾಯ್ಲೆಟ್ಟು!” ಎಂದು ಅತ್ತೆ ಒಳಗಿಂದ ಗದರಿದರು.

ಡಾಕ್ಟರ ಇಕ್ಕಳ ಬೀಗದ ಮೈಯನ್ನು ಕರಕರನೆ ಕೆರೆಯುತ್ತಿದ್ದಂತೆ ಐದುನಿಮಿಷದವರು ಕಣ್ಣು ಮುಚ್ಚಿಕೊಂಡರು. ಅಷ್ಟು ಒಳ್ಳೆಯ ಬೀಗವನ್ನು ಹೀಗೆ ಹಿಂಸಿಸುವುದನ್ನು ನೋಡಲು ಅವರಿಂದ ಆಗಲಿಲ್ಲ. ಆಗ ಮೈದಾನದ ಮೇಲ್ವಿಚಾರಕ ಜನರನ್ನು ಸರಿಸಿಕೊಂಡು ಬಂದ.

“ಯಾರೂ ಗಾಬರಿ ಆಗ್ಬೇಡಿ. ನಲ್ಲಿ ಹತ್ರ ಬೀಗದವರ ನಂಬರಿದೆ. ಐದೇ ನಿಮಿಷವಂತೆ. ಈಗ್ಲೇ ಕರೆಸ್ತೀನಿ.”

ಐದುನಿಮಿಷದವರ ಕಣ್ಣು ಫಕ್ಕನೆ ತೆರೆಯಿತು. “ಬೇಡ...” ಎನ್ನುವಷ್ಟರಲ್ಲಿ ಅವರ ಜೇಬು ಗಟ್ಟಿಯಾಗಿ ಹಾಡತೊಡಗಿತು. ಮೇಲ್ವಿಚಾರಕ ಫೋನು ಕಟ್ ಮಾಡಿದ, ಜೇಬು ಸುಮ್ಮನಾಯಿತು. ಮತ್ತೆ ಮಾಡಿದ, ಮತ್ತೆ ಹಾಡಿತು. ಎಲ್ಲರೂ ಜೇಬನ್ನೇ ನೋಡಿದರು.

“ಬೀಗದವರು ನೀವೇನಾ!” ಎಂದು ಬಾಯಿ ಬಿಟ್ಟರು ಡಾಕ್ಟರು. “ಹೆತ್ತ ತಾಯಿಯಂಥ ಅತ್ತೆ ಒಳಗಿದ್ದಾರೆ, ನೀವು ಕೈಕಟ್ಟಿಕೊಂಡು ತಮಾಷೆ ನೋಡ್ತಿದ್ದೀರಾ?”

“ಎಂಥಾ ಕಲ್ಲು ಮನಸ್ಸು!” ಎಂದರು ಯೋಗದ ಮೇಡಂ.

ಐದುನಿಮಿಷದವರ ಮುಖ ಕೆಂಪಾಯಿತು. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ, “ಏನೇ ಮಾಡ್ಲಿ?” ಎಂದರು.

“ನಿಮ್ಮಿಷ್ಟ. ನಾನು ಮುಟ್ಟಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ.”

“ಅಳಿಯಂದಿರೇ, ಕಣ್ಣು ಕತ್ತಲೆ ಬರ್ತಿದೆ...” ಎಂದಿತು ಒಳಗಿನ ದನಿ.

ಐದುನಿಮಿಷದವರು ಒಮ್ಮೆ ಉಪ್ಪುಗಾಳಿ ಬರುತ್ತಿದ್ದ ದಿಕ್ಕನ್ನು ನೋಡಿದರು. ಮಡಚುವ ಕುರ್ಚಿ, ತಣ್ಣನೆಯ ನೀರು ಎಲ್ಲವೂ ಕಣ್ಣ ಮುಂದೆ ಬಂದು ಹೋದವು. ಆದರೆ ಒಳಗಿರುವುದು ವಯಸ್ಸಾದ ಜೀವ. ಅವರು ಅಂಗಿಯ ತೋಳು ಮಡಚಿದರು.

“ಹಿಟ್ಟಿನ ಡಬ್ಬಿ ತಂದ್ಕೊಡ್ಲಾ?” ಎಂದಳು ಹೆಂಡತಿ ತಣ್ಣಗೆ.

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಸಲಕರಣೆ ತೆಗೆದು, ಬೀಗಕ್ಕೆ ಕಿವಿಯಿಟ್ಟು, ಕೊಕ್ಕೆಯನ್ನು ಒಳಗಿಳಿಸಿದರು. ಐದು ನಿಮಿಷ ಬೇಕಾಗಲಿಲ್ಲ, ಅರ್ಧ ನಿಮಿಷಕ್ಕೇ ಬಾಗಿಲು ತೆರೆಯಿತು. ಬೀಗದ ನಾಲಗೆ ಎಲ್ಲೂ ತಡೆಯದೆ ಸಲೀಸಾಗಿ ಸರಿದದ್ದು ಕಂಡು ಅವರಿಗೆ ಆಶ್ಚರ್ಯವಾಯಿತು. “ಇದು ಕೆಟ್ಟೇ ಇರ್ಲಿಲ್ವಲ್ಲ...” ಎಂದರು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಅತ್ತೆ ಉಣ್ಣೆಯ ಚೀಲ ಸಮೇತ ಹೊರಗೆ ಬಂದರು. ಸ್ವೆಟರಿಗೆ ಬೆಳಿಗ್ಗೆ ಇಲ್ಲದ ಒಂದು ತೋಳು ಬಂದಿತ್ತು.

“ಹೊತ್ತು ಹೋಗ್ಬೇಕಲ್ಲ” ಎಂದರು ಅತ್ತೆ.

ಮುಂದಿನದು ಹೇಳಬೇಕಿಲ್ಲ. ಡಾಕ್ಟರು ತೆರೆಯದ ಸೂಟ್‌ಕೇಸು ತಂದರು, ಬಸ್ ಡ್ರೈವರು ತುಕ್ಕು ಹಿಡಿದ ಟೂಲ್ ಬಾಕ್ಸ್ ತಂದರು, ಮೇಲ್ವಿಚಾರಕ ಆಫೀಸಿನ ಬಾಗಿಲಿಗೇ ಎಳೆದುಕೊಂಡು ಹೋದ. ಎಲ್ಲ ಮುಗಿಸಿ, ಎರಡು ದಿನ ಉಪವಾಸ ಬಿದ್ದವನಿಗೆ ಊಟ ಸಿಕ್ಕಂಥ ಮುಖ ಹೊತ್ತು ಅವರು ಸ್ಟಿಯರಿಂಗ್ ಹಿಡಿದಾಗ ಮೂರು ಗಂಟೆ. ಬೇಸರವಿರಲಿಲ್ಲ ಎಂದಲ್ಲ. ಆದರೂ ಬೆರಳಿನ ತುರಿಕೆ ಹೋಗಿ ಮೈ ಹಗುರವಾಗಿತ್ತು.

ದಾರಿ ಎರಡಾಗುವ ಕಡೆ ಗಾಡಿ ನಿಲ್ಲಿಸಿದರು. ಎಡಗಡೆ, ದೂರದಲ್ಲಿ, ಒಂದು ನೀಲಿ ಗೆರೆ. ಒಂದು ನಿಮಿಷ ಕಣ್ತುಂಬ ಅದನ್ನು ನೋಡಿ, ಮಾತಿಗೆ ತಪ್ಪದ ಮನುಷ್ಯರಾದ್ದರಿಂದ ಬಲಕ್ಕೆ ತಿರುಗಿಸಿದರು. ತಿರುವಿನಲ್ಲಿ ಬಾಣಲೆ ಬಿತ್ತು.

“ನಿನ್ನ ತಮ್ಮನಿಗೆ ಫೋನು ಮಾಡು. ಹೀಗೆ ದಿಢೀರಂತ ಹೋದ್ರೆ ಗಾಬರಿ ಆದಾನು.”

ಹೆಂಡತಿ ಅವರ ಫೋನಿನಿಂದಲೇ ನಂಬರು ಒತ್ತಿ ಸ್ಪೀಕರ್ ಹಾಕಿದಳು. ಭಾವಮೈದ ಮೊದಲ ರಿಂಗಿಗೇ ಎತ್ತಿದ.

“ಎಲ್ಲಿದ್ದೀರಿ ಭಾವಾ? ಆಗ್ಲಿಂದ ಬಾಗಿಲಲ್ಲೇ ನಿಂತಿದ್ದೀನಿ!”

“ನಾವು ಬರೋದು ನಿಂಗೆ ಯಾರಪ್ಪ ಹೇಳಿದ್ದು?”

“ಬೆಳಿಗ್ಗೆ ಎಂಟು ಗಂಟೆಗೇ ಅಮ್ಮ ಫೋನು ಮಾಡಿದ್ರಲ್ಲ, ಸಂಜೆಗೆ ಬರ್ತೀವಿ ಅಂತ! ಸಲಕರಣೆ ಹಿಟ್ಟಿನ ಡಬ್ಬೀಲಿದೆ ಅಂತಲೂ ಹೇಳಿದ್ರು. ಹನ್ನೊಂದು ಪೆಟ್ಟಿಗೆ ಅಟ್ಟದಿಂದ ಇಳಿಸಿಟ್ಟಿದ್ದೀನಿ ಭಾವಾ!”

ಐದುನಿಮಿಷದವರು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದರು. ಅತ್ತೆ ಪುಟ್ಟ ಸ್ವೆಟರನ್ನು ಬೆಳಕಿಗೆ ಹಿಡಿದು ಎರಡನೆಯ ತೋಳಿಗೆ ಹೆಣಿಗೆ ಎಣಿಸುತ್ತಿದ್ದರು.

“ಮುಂದೆ ನೋಡ್ಕೊಂಡು ಓಡ್ಸಿ ಅಳಿಯಂದಿರೇ” ಎಂದರು ತಲೆಯೆತ್ತದೆ. “ಮೊಮ್ಮಗ ಮಲಗೋದ್ರೊಳಗೆ ಸೇರ್ಬೇಕು.”