ಮೊದಲ ಬುಕಿಂಗಿಗೆ ಮಾತ್ರ

ನಮ್ಮ ಭಾವನವರು ಊರು ನೋಡಲು ಪ್ರವಾಸ ಹೋಗುವವರಲ್ಲ. ಯಾವ ಊರಿನ ಹೋಟೆಲ್ ರೂಮಿಗೆ ಕೂಪನ್ ಕೋಡ್ ಸಿಕ್ಕಿದೆಯೋ ಆ ಊರಿಗೆ ಹೋಗುತ್ತಾರೆ. ಅಲ್ಲಿ ನೋಡುವಂಥದ್ದು ಏನಾದರೂ ಇದ್ದರೆ ಅದು ಆ ಊರಿನ ಪುಣ್ಯ!

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಅಜ್ಜಂಪುರದಲ್ಲಿ ಮನೆ. ಬೀರೂರು ಜಂಕ್ಷನ್ನಿನ ಟಿಕೆಟ್ ಕೌಂಟರಿನಲ್ಲಿ ಕುಳಿತು, ನಿವೃತ್ತಿಯಾಗುವವರೆಗೂ ಬೇರೆಯವರನ್ನು ಊರೂರಿಗೆ ಕಳಿಸಿದವರು. ತಾವು ಮಾತ್ರ ಸಂಜೆಯ ಪ್ಯಾಸೆಂಜರ್ ಹಿಡಿದು ಮನೆಗೆ ಬಂದು ಮಲಗಿದವರು. ನಿವೃತ್ತಿಯಾದ ಮೇಲೆ ರೈಲಿನ ಪಾಸು ಕೈಯಲ್ಲೇ ಇತ್ತು, ಜೊತೆಗೊಂದು ಸ್ಮಾರ್ಟ್ ಫೋನೂ ಬಂತು. ರೂಮು ಬುಕ್ ಮಾಡುವಾಗ ಒಂದು ಖಾಲಿ ಚೌಕದಲ್ಲಿ ಇಂಗ್ಲಿಷಿನ ನಾಲ್ಕಾರು ಅಕ್ಷರ ತುಂಬಿದರೆ ಬಾಡಿಗೆ ಇಳಿಯುತ್ತದೆ ಎಂಬ ಸಂಗತಿ ಗೊತ್ತಾದ ದಿನ ಕಡೂರಿನಲ್ಲಿದ್ದ ನನಗೆ ಫೋನ್ ಮಾಡಿದ್ದರು.

"ಮೇಷ್ಟ್ರೇ, ಜೀವಮಾನವೆಲ್ಲಾ ಕೌಂಟರಲ್ಲಿ ಕೂತಿದ್ದೆ. ಒಬ್ಬನಾದ್ರೂ ಬಂದು ಇಂಥ ಅಕ್ಷರ ಹೇಳಿ ಟಿಕೆಟ್ ಕಮ್ಮಿ ಮಾಡಿ ಅಂದಿದ್ನಾ? ಕಾಲ ಎಷ್ಟು ಮುಂದಕ್ಕೋಗಿದೆ ನೋಡಿ."

ಅಂದಿನಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಕೋಡುಗಳಿಂದ ತುಂಬತೊಡಗಿತು. ಹಬ್ಬದ ಕೋಡು, ವಾರಾಂತ್ಯದ ಕೋಡು, ಹಿರಿಯ ನಾಗರಿಕರ ಕೋಡು. ಯಾವುದು ಎಂದಿಗೆ ಮುಗಿಯುತ್ತದೆ ಎಂಬುದು ಕೆಂಪು ಶಾಯಿಯಲ್ಲಿ. ಕೆಂಪು ದಿನಾಂಕ ಹತ್ತಿರ ಬಂತೆಂದರೆ ಮನುಷ್ಯನಿಗೆ ಊಟ ಸೇರುವುದಿಲ್ಲ.

ಒಮ್ಮೆ ಹೀಗೆ, ಮರುದಿನಕ್ಕೆ ಮುಗಿಯುವ ಒಂದು ಕೋಡು ಎಲ್ಲಿ ಹಾಕಿದರೂ ಹಿಡಿಯಲಿಲ್ಲ. ಕೊನೆಗೆ ಹಿಡಿದದ್ದು ತರೀಕೆರೆಯ ಒಂದು ಲಾಡ್ಜಿಗೆ. ಅಜ್ಜಂಪುರದಿಂದ ತರೀಕೆರೆ ಎಷ್ಟು ದೂರ ಸ್ವಾಮಿ? ಬಸ್ಸಿನಲ್ಲಿ ಕುಳಿತು ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಊರು ಬಂದುಬಿಡುತ್ತದೆ. ಭಾವ ಬಿಡಲಿಲ್ಲ. ಸೂಟ್‌ಕೇಸು, ಫ್ಲಾಸ್ಕು, ಬೆಡ್‌ಶೀಟು, ಅಕ್ಕ, ಎಲ್ಲವನ್ನೂ ಕಟ್ಟಿಕೊಂಡು ಹೊರಟರು. ಲಾಡ್ಜಿನ ಮ್ಯಾನೇಜರು ಆಧಾರ್ ಕಾರ್ಡಿನಲ್ಲಿ ಅಜ್ಜಂಪುರವೆಂದು ಓದಿ ಕಣ್ಣು ಕಿರಿದು ಮಾಡಿದರಂತೆ.

"ಏನ್ ಕೆಲ್ಸದ ಮೇಲೆ ಬಂದ್ರಿ ಸಾರ್?"

"ಮಲಗಕ್ಕೆ" ಎಂದರಂತೆ ಭಾವ.

ಮಲಗಿದರು, ಎದ್ದರು, ಬೆಳಗಿನ ಮೊದಲ ಬಸ್ಸಿಗೆ ವಾಪಸು ಬಂದು ಹಾಲಿನ ಪ್ಯಾಕೆಟ್ ಒಳಗೆ ತೆಗೆದುಕೊಂಡರು.

ಆದರೆ ಭಾರಿ ರಿಯಾಯಿತಿಯ ಕೋಡುಗಳಿಗೆಲ್ಲ ಒಂದು ಷರತ್ತು. ಅವು ಮೊದಲ ಬುಕಿಂಗಿಗೆ ಮಾತ್ರ. ಒಂದು ಫೋನ್ ನಂಬರಿಗೆ ಒಂದೇ ಸಲ. ಭಾವನ ನಂಬರು ಮೊದಲ ವಾರವೇ ಹಳತಾಯಿತು. ಆಗ ನನ್ನ ನಂಬರಿಗೆ ಬಂದರು. ಫೋನಿಗೆ ಬಂದ ಓಟಿಪಿ ಕೇಳಿದರು, ನಾನು ಯಾವುದೋ ಗ್ಯಾಸಿನದಿರಬೇಕೆಂದು ಹೇಳಿಬಿಟ್ಟೆ. ಮುಂದಿನ ಸೋಮವಾರ ನಾನು ಪಾಠ ಮಾಡುತ್ತಿದ್ದಾಗ ಹೊಸಪೇಟೆಯ ಹೋಟೆಲೊಂದರಿಂದ ಕರೆ ಬಂತು.

"ಸರ್, ನಿಮ್ ರೂಮ್ ರೆಡಿ ಇದೆ. ನೀವೀಗ ಎಲ್ಲಿದೀರಾ?"

"ಒಂಬತ್ತನೇ ತರಗತೀಲಿ" ಎಂದೆ. ಮಕ್ಕಳು ನಕ್ಕರು. ಅತ್ತ ಕಡೆಯವರು ನಗಲಿಲ್ಲ. ಬುಕ್ ಮಾಡಿದವರೇ ಬಂದು ಗುರುತಿನ ಚೀಟಿ ತೋರಿಸಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕಂತೆ. ಭಾವ, ಅಕ್ಕ ಇಬ್ಬರೂ ಆ ಹೋಟೆಲಿನ ಸೋಫಾದ ಮೇಲೆ ಸಂಜೆಯವರೆಗೂ ಕುಳಿತಿದ್ದು ರೈಲು ಹತ್ತಿ ಬಂದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಭಾವ ಮಾಡಿದ್ದೇನು ಗೊತ್ತೇ? ಯಾರ ನಂಬರಿನಲ್ಲಿ ಬುಕ್ ಮಾಡುತ್ತಾರೋ ಅವರನ್ನೇ ಜೊತೆಗೆ ಕರೆದುಕೊಂಡು ಹೊರಟರು! ಹಳಿ ರಿಪೇರಿ ಮಾಡುತ್ತಲೇ ಆಯಸ್ಸು ಕಳೆದು, ಅರಸೀಕೆರೆಯಿಂದಾಚೆ ಕಾಲಿಡದಿದ್ದ ಒಬ್ಬ ಹಳೆಯ ಗ್ಯಾಂಗ್‌ಮನ್ ಹುಬ್ಬಳ್ಳಿ ಕಂಡ. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರು ಮಂಗಳೂರಿಗೆ ಹೋಗಿ ಸಮುದ್ರ ನೋಡಿದರು. ಊರವರ ರವಿಕೆ ಹೊಲಿದು ಬದುಕಿದ ಹಿರಿಯ ಜೀವ ಅದು. ಹೋಟೆಲಿನ ರಿಜಿಸ್ಟರಿನಲ್ಲಿ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಸೊಗಸಾಗಿ ಸಹಿ ಹಾಕಿದರಂತೆ. ಕೌಂಟರಿನ ಹುಡುಗಿ "ವೆಲ್ಕಮ್ ಮೇಡಂ" ಎಂದು ಬೀಗದ ಕೈ ಅವರ ಕೈಗೇ ಕೊಟ್ಟಳಂತೆ. ಅಷ್ಟು ಸಾಕಾಯಿತು. ಯಾರು ಎಲ್ಲಿ ಮಲಗಬೇಕೆಂದು ತೀರ್ಮಾನಿಸಿದವರು ಖಾಲಾ.

"ರೂಮು ನನ್ ಹೆಸರಲ್ಲಿ ಐತೋ ಇಲ್ವೋ? ಹಂಗಾದ್ರೆ ನಾನೂ ನಿಮ್ಮನೆಯೋರೂ ಮಂಚದ ಮೇಲೆ. ನೀವು ಕೆಳಗೆ."

ಎರಡು ರಾತ್ರಿ ಭಾವ ನೆಲದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡು ಬಂದರು. ಆದರೂ ಬಾಡಿಗೆ ಅರ್ಧಕ್ಕರ್ಧ ಇಳಿದಿತ್ತೆಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದರು.

ಇಷ್ಟೆಲ್ಲ ನಗುವಿನ ಮಧ್ಯೆ ಒಂದು ಭಾನುವಾರ ನಾನು ಅಜ್ಜಂಪುರಕ್ಕೆ ಹೋದಾಗ ಮನೆ ಮೌನವಾಗಿತ್ತು. ಭಾವ ಜಗುಲಿಯಲ್ಲಿ, ಅಕ್ಕ ಅಡಿಗೆಮನೆಯಲ್ಲಿ. ಮೈಸೂರಿಗೆ ಒಳ್ಳೆಯ ಕೋಡು ಸಿಕ್ಕಿದೆ, ಗೊತ್ತಿದ್ದವರ ನಂಬರೆಲ್ಲ ಮುಗಿದಿವೆ, ಅಕ್ಕ ಇನ್ನು ಮುಂದೆ ಎಲ್ಲಿಗೂ ಬರುವುದಿಲ್ಲ ಎಂದಿದ್ದಾಳೆ. ಇದಿಷ್ಟು ವರದಿ ಜಗುಲಿಯಲ್ಲಿ ಸಿಕ್ಕಿತು. ನಾನು ಒಳಗೆ ಹೋದೆ.

ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ನಂದೂ ಒಂದು ಫೋನ್ ಐತೆ ಕಣೋ. ಅದಕ್ಕೂ ಒಂದು ನಂಬರ್ ಐತೆ. ಊರೋರ ಮನೆ ಬಾಗ್ಲಿಗೆಲ್ಲಾ ಹೋಗಿ ನಂಬರ್ ಕೇಳಿದ್ರು. ಗ್ಯಾಂಗ್‌ಮನ್ ಹೆಸರಲ್ಲಿ ರೂಮಾಯ್ತು, ಖಾಲಾ ಹೆಸರಲ್ಲಾಯ್ತು. ನನ್ನ ಒಂದ್ಸಲನೂ ಕೇಳ್ಲಿಲ್ಲ. ಸೂಟ್‌ಕೇಸ್ ಜೊತೆ ಇನ್ನೊಂದು ಸಾಮಾನು ನಾನು, ಅಷ್ಟೇ."

ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿತ್ತು. ಅವಳು ಅದನ್ನು ನೋಡಲಿಲ್ಲ. ನನಗೆ ಭಾವನ ಮೇಲೆ ನಿಜಕ್ಕೂ ಸಿಟ್ಟು ಬಂತು. ಸಂಜೆ ಸ್ಟೇಷನ್ನಿನ ಕಡೆ ಒಟ್ಟಿಗೆ ನಡೆದು ಹೋಗುವಾಗ ನೇರವಾಗಿ ಕೇಳಿದೆ.

"ಅಲ್ಲ ಭಾವ, ಅಕ್ಕನ ನಂಬರ್ ಇದ್ಯಲ್ಲ. ಅದನ್ನ ಯಾಕೆ ಹಾಕಲ್ಲ ನೀವು?"

ಅವರು ಹಿಂದೆ ಮುಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಕೌಂಟರಲ್ಲಿ ರಿಜಿಸ್ಟರ್ ಮುಂದಕ್ಕೆ ತಳ್ಳಿ ಪೆನ್ ಕೊಡ್ತಾರೆ ಮೇಷ್ಟ್ರೇ. ಹಿಂದೆ ನಾಕು ಜನ ನಿಂತಿರ್ತಾರೆ. ಅವಳು ನನ್ ಮುಖ ನೋಡ್ತಾಳೆ. ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್ ಇದ್ಯಾ ಅಂತ ನಾನು ಕೇಳ್ಬೇಕು. ನನ್ ಕೌಂಟರ್ ಮುಂದೆ ಹಂಗೆ ನಿಂತೋರ್ನ ಬೇಕಾದಷ್ಟು ನೋಡಿದೀನಿ. ಅವಳ್ನ ಹಂಗೆ ನೋಡಕ್ಕೆ ನನ್ನ ಕೈಲಾಗಲ್ಲ."

"ನೀವೇ ಕಲಿಸ್ಬಹುದಿತ್ತಲ್ಲ?"

"ಮದ್ವೆ ಆದ ಹೊಸದ್ರಲ್ಲಿ ಸ್ಲೇಟು ತಂದಿದ್ದೆ. ನನ್ನ ನೋಡಿ ನಗಾಡ್ತೀರಾ ಅಂತ ಅತ್ತುಬಿಟ್ಲು. ಅವತ್ತಿಂದ ಆ ಮಾತು ಎತ್ತಿಲ್ಲ."

ನಾನು ರಸ್ತೆಯ ಮಧ್ಯೆ ನಿಂತುಬಿಟ್ಟೆ. ಅಕ್ಕನಿಗೆ ಬರೆಯಲು ಬರುವುದಿಲ್ಲ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ನಾನು ಹುಟ್ಟಿದೆ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ನೋಡಿಕೊಳ್ಳುವವರು ಬೇಕಿತ್ತು, ಅಕ್ಕನನ್ನು ಶಾಲೆಯಿಂದ ಬಿಡಿಸಿದರು, ಕಲಿತಿದ್ದ ನಾಲ್ಕಕ್ಷರವೂ ಅವಳಿಗೆ ಮರೆತುಹೋಯಿತು. ಅವಳ ಕಂಕುಳಲ್ಲಿ ಕುಳಿತು ಬೆಳೆದ ನಾನು ಕನ್ನಡ ಮೇಷ್ಟ್ರಾದೆ. ಕಂಡವರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದೆ. ನನಗೆ ತುಂಬ ನಾಚಿಕೆಯಾಯಿತು.

ಹೇಳಬೇಡಿ ಎಂದು ಭಾವ ಎಷ್ಟೇ ಬೇಡಿಕೊಂಡರೂ ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಜಗುಲಿಗೆ ನಡೆದಳು. ಭಾವ ಎದ್ದು ನಿಂತರು.

"ಇಷ್ಟು ದಿನ ಇದನ್ನ ಹೊಟ್ಟೆಲಿಟ್ಕೊಂಡು ಓಡಾಡ್ತಿದ್ರಾ?"

ಭಾವ ತಲೆಯಾಡಿಸಿದರು.

"ಆ ಕೋಡು ಬರ್ಕೊಳ್ಳೋ ಕ್ಯಾಲೆಂಡರ್ ಹಾಳೆ ಒಂದು ಕೊಡಿ. ನನ್ ಹೆಸ್ರು ಮೇಲುಗಡೆ ಬರೀರಿ. ಕೆಳಗಡೆ ನಾನು ಬರೀತೀನಿ. ನಕ್ಕರೆ ನೋಡಿ ಮತ್ತೆ."

ಯಾರೂ ನಗಲಿಲ್ಲ. ಕಮಲಮ್ಮ ಎಂಬ ಹೆಸರಿನಲ್ಲಿ ಮೊದಲ ಮೂರು ಅಕ್ಷರ ನಾಲ್ಕೈದು ದಿನದಲ್ಲಿ ಒಲಿದವು. ಕೊನೆಯ ಒತ್ತಕ್ಷರ ಮಾತ್ರ ಬಹಳ ಸತಾಯಿಸಿತು. ಒಮ್ಮೆ ಒತ್ತು ಪಕ್ಕಕ್ಕೆ ಜಾರುತ್ತಿತ್ತು, ಒಮ್ಮೆ ಮೇಲಿನ ಅಕ್ಷರಕ್ಕಿಂತ ದೊಡ್ಡದಾಗುತ್ತಿತ್ತು. ನಾನು ವಾರವಾರವೂ ಹೋಗಿ ನೋಡಿ ಬರುತ್ತಿದ್ದೆ. ಮೈಸೂರಿನ ಕೋಡಿನ ಕೆಂಪು ದಿನಾಂಕ ಬಂತು, ಹೋಯಿತು. ಭಾವ ಅಂದು ಅಕ್ಕನ ಪಕ್ಕದಲ್ಲಿ ಕುಳಿತು, ಹಾಳೆಯ ಮೇಲೆ ಗೆರೆ ಎಳೆದು ಕೊಡುತ್ತಿದ್ದರಂತೆ. ನೆನಪಿಸಿದರೆ "ಹೋಗ್ಲಿ ಬಿಡಿ ಮೇಷ್ಟ್ರೇ" ಎಂದರು. ಅವರ ಬಾಯಿಂದ ಅಂಥ ಮಾತು ನಾನು ಅದೇ ಮೊದಲು ಕೇಳಿದ್ದು.

ದಸರೆ ರಜೆ ಮುಗಿಯುವ ಮುಂಚೆ ಮೂವರೂ ಮೈಸೂರಿಗೆ ಹೋದೆವು. ಅಕ್ಕನ ಫೋನಿನಿಂದ, ಅಕ್ಕನ ಹೆಸರಿನಲ್ಲಿ, ಪೂರ್ತಿ ಬಾಡಿಗೆಗೆ ಬುಕ್ ಆದ ರೂಮು. ಕೌಂಟರಿನ ಹುಡುಗ ರಿಜಿಸ್ಟರನ್ನು ಮುಂದಕ್ಕೆ ತಳ್ಳಿ ಪೆನ್ನು ಕೊಟ್ಟ. ನಮ್ಮ ಹಿಂದೆ ಮತ್ತೊಂದು ಸಂಸಾರ ಕಾಯುತ್ತಿತ್ತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಒಂದೊಂದೇ ಅಕ್ಷರ ಬರೆದು, ಒತ್ತನ್ನು ಕೆಳಗೆ ಸರಿಯಾದ ಜಾಗದಲ್ಲೇ ಇಳಿಸಿದಳು. ಭಾವ ಗೋಡೆಯ ಗಡಿಯಾರ ನೋಡುತ್ತಿದ್ದರು.

ಹುಡುಗ ಅವಳ ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಯನ್ನೂ ಮುಂದಿಟ್ಟ. "ಇದ್ರ ಮೇಲೂ ಒಂದು ಸಹಿ ಬೇಕು ಅಮ್ಮ. ತೊಂದ್ರೆ ಇಲ್ವಲ್ಲ?"

"ಎಷ್ಟು ಬೇಕು ಹೇಳಪ್ಪ," ಎಂದಳು ಅಕ್ಕ, ಪೆನ್ನು ಕೆಳಗಿಡದೆ. "ಹಾಕ್ತೀನಿ."