ಕಾರ್ತೇಜು ಬೀಳಲೊಲ್ಲದು

ಯಲ್ಲಾಲಿಂಗ ಮಾಸ್ತರ ಸಿಟ್ಟಿಗೆ ಹೊತ್ತುಗೊತ್ತು ಇರಲಿಲ್ಲ. ಆದರೆ ಸಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ ಮುಂಜಾನೆಯೇ ಅದು ನೆತ್ತಿಗೇರಿದ್ದಕ್ಕೆ ಕಾರಣ ಇಷ್ಟೇ: ಕಾರ್ತೇಜು ಸೋಲಲು ಒಪ್ಪಲಿಲ್ಲ.

ಕುಲಗೋಡದ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ಮನೆ ಗೋಕಾಕದಲ್ಲಿ. ದಿನಾ ಬಸ್ಸಿನಲ್ಲಿ ನಿಂತು ಬಂದು, ನಿಂತೇ ಹೋಗಿ ಮೊಣಕಾಲು ಸವೆದಿದ್ದವು. ಈ ಸಲದ ಗ್ಯಾದರಿಂಗಿಗೆ ಬರಲಿದ್ದ ಮೇಲಿನ ಕಚೇರಿಯ ಸಾಹೇಬರು, "ಕಾರ್ಯಕ್ರಮ ಚಂದ ಮಾಡ್ರಿ, ಗೋಕಾಕಕ್ಕ ವರ್ಗ ಮಾಡೂಣಂತ" ಅಂದಿದ್ದರು. ಹಾಗಾಗಿ ಮಾಸ್ತರು ಜೀವ ತೇದು, ರೋಮ್ ಬೆಳೆದ ಬಗೆಯನ್ನೇ ನಾಟಕ ಮಾಡಿದ್ದರು.

ಎಡವಟ್ಟಾದದ್ದು ಪಾತ್ರ ಹಂಚುವಾಗ. ರೋಮಿನ ಸೇನಾಪತಿ ಕೆಳಗಿನ ಓಣಿಯ ಅಲ್ಲಪ್ಪನ ಮಗ ಬಸವಲಿಂಗ. ರೋಮಿನ ವೈರಿ ರಾಜ್ಯ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಮೇಲಿನ ಓಣಿಯ ಕೆಂಚಪ್ಪನ ಮಗಳು ದಾನೇಶ್ವರಿ. ಅವಳಷ್ಟು ದೊಡ್ಡ ದನಿ ಇಡೀ ಸಾಲೆಯಲ್ಲಿ ಯಾರಿಗೂ ಇರಲಿಲ್ಲ. ಆ ಎರಡು ಓಣಿಗಳಿಗೋ ಕಾಲುವೆ ನೀರಿನ ಪಾಳಿಗಾಗಿ ಅಜ್ಜಂದಿರ ಕಾಲದ ಜಗಳ. ಅಲ್ಲಪ್ಪ, ಕೆಂಚಪ್ಪ ಎದುರುಬದುರಾದರೆ ಬೇರೆ ಬೇರೆ ದಿಕ್ಕಿಗೆ ಉಗುಳುತ್ತಿದ್ದರು.

ಮುಂಜಾನೆ ಕೆಂಚಪ್ಪ ಸಾಲೆಗೆ ನುಗ್ಗಿದ.

"ಏನ್ರಿ ಮಾಸ್ತರ, ನನ್ನ ಮಗಳನ್ನ ಊರ ಮುಂದ ಸೋಲಸ್ತೀರಂತ?"

"ನಾ ಎಲ್ಲಿ ಸೋಲಸಾಕತ್ತೇನ್ರಿ! ಅವರು ಖರೇನ ಸೋತಾರ. ಎರಡ ಸಾವಿರ ವರ್ಷದ ಮ್ಯಾಲಾತು."

"ಯಾಕ ಬಡದಾಡಿದ್ರು?"

"ಸಿಸಿಲಿ ಅಂತ ಒಂದು ನಡುಗಡ್ಡಿ ಸಂಬಂಧ. ರೋಮಿನವರಿಗೆ ಮೊದಲ ಯುದ್ಧದ ಹಡಗ ಕಟ್ಟಾಕ ಬರ್ತಿದ್ದಿಲ್ಲ. ಕಾರ್ತೇಜಿನವರ ಒಂದ ಹಡಗ ಸಮುದ್ರದ ದಂಡಿಗೆ ಬಂದು ಸಿಕ್ಕಿತು. ಅದನ್ನ ನೋಡಿ ತಾವೂ ಕಟ್ಟಿ, ಅವರನ್ನ ಹೊಡದು ಸಿಸಿಲಿ ತೊಗೊಂಡ್ರು. ಮುಂದ ಸ್ಪೇನ್, ಕಡೀಕ ಆಫ್ರಿಕಾ. ಹಂಗ ಬೆಳದ್ರು."

"ಅಲ್ರಿ, ಆ ಸಿಸಿಲಿ ಯಾರ ಹೆಸರಲೆ ಇತ್ತು? ಜಮೀನಿನ ಉತಾರ ನೋಡೀರೇನು?"

ಮಾಸ್ತರ ತಲೆ ಒಗ್ಗರಣೆಯ ಸಾಸಿವೆಯಂತೆ ಚಟಪಟಗುಟ್ಟಿತು. "ಉತಾರ ತೊಗೊಂಡು ಯುದ್ಧ ಮಾಡ್ತಾರೇನ್ರಿ! ನಡೀರಿ ಹೊರಗ!"

ಕೆಂಚಪ್ಪ ಹೋದ ಬೆನ್ನಿಗೇ ಅಲ್ಲಪ್ಪ ಬಂದ. "ಆಕಿಗೆ ಆನಿ, ನನ್ನ ಮಗಗ ಬರೇ ಕಬ್ಬಿನ ಗಳ? ಇದ್ಯಾವ ನ್ಯಾಯಾರಿ?"

"ಹ್ಯಾನಿಬಲ್ ಆನಿ ಹೊಡಕೊಂಡು, ಹಿಮದ ಗುಡ್ಡ ದಾಟಿ ರೋಮಿನ ಮ್ಯಾಲ ಬಂದಿದ್ದರಿ."

"ಆನಿ ಇದ್ದೂ ಸೋತರೇನು?" ಅಲ್ಲಪ್ಪನ ಮುಖ ಅರಳಿತು. ನೆಟ್ಟಗೆ ಊರಕಟ್ಟೆಗೆ ಹೋಗಿ, "ಇವತ್ತ ಸಂಜಿಕ ಮ್ಯಾಲಿನ ಓಣಿ ಮಣ್ಣ ಮುಕ್ಕತೈತಿ, ಎಲ್ಲಾರೂ ಬರ್ರಿ!" ಎಂದು ಸಾರಿಬಿಟ್ಟ.

ಮಧ್ಯಾಹ್ನ ಈ ಸುದ್ದಿ ಕೇಳಿ ಮುಖ್ಯೋಪಾಧ್ಯಾಯಿನಿ ಸುಮನ ಬಾಯಾರು ಓಡಿ ಬಂದರು. "ಮಾಸ್ತರ, ಆ ಸೋಲೂದು ತಗದ ಬಿಡ್ರಿ. ಕಡೀಕ ಇಬ್ಬರೂ ಕೈ ಕೈ ಹಿಡೀಲಿ."

"ಬಾಯಾರ, ಕಾರ್ತೇಜ್ ಸುಟ್ಟು ಬೂದಿ ಆತ್ರಿ! ಬೂದಿ ಕೈ ಹಿಡಿಯಾಕ ಬರ್ತೈತೇನು?" ಎಂದು ಮಾಸ್ತರು ಮೇಜು ಗುದ್ದಿದರು. ಬೆರಳು ಊದಿಕೊಂಡಿತು.

ಸಂಜೆ ಮೈದಾನ ತುಂಬಿತ್ತು; ಬಲಕ್ಕೆ ಒಂದು ಓಣಿ, ಎಡಕ್ಕೆ ಇನ್ನೊಂದು. ಸಾಹೇಬರು ಚೆಂಡು ಹೂವಿನ ಹಾರ ಹಾಕಿಕೊಂಡು ಮುಂದೆ ಕುಳಿತಿದ್ದರು. ಹ್ಯಾನಿಬಲ್ಲನ ಆನೆ ಎಂದರೆ ಕೆಂಚಪ್ಪನ ಎಮ್ಮೆ. ಮೂತಿಗೆ ಸೈಕಲ್ ಟ್ಯೂಬು ಕಟ್ಟಿ ಸೊಂಡಿಲು ಮಾಡಿದ್ದರು. ಸಿಸಿಲಿಯ ಯುದ್ಧ ಸುಸೂತ್ರ ಮುಗಿಯಿತು. ಸಾಹೇಬರು ಚಪ್ಪಾಳೆ ಹೊಡೆದರು. ಮಾಸ್ತರ ಕಣ್ಣ ಮುಂದೆ ಗೋಕಾಕ ತೇಲಿತು.

ಕೊನೆಯ ಕಾಳಗದಲ್ಲಿ ಬಸವಲಿಂಗ ಕಬ್ಬಿನ ಗಳ ಬೀಸಿದ. ಹ್ಯಾನಿಬಲ್ ಬೀಳಬೇಕಿತ್ತು.

"ಬೀಳವಾ ದಾನೇಶ್ವರಿ, ಬೀಳು!" ಪರದೆಯ ಹಿಂದಿನಿಂದ ಮಾಸ್ತರು ಹಲ್ಲು ಕಡಿದರು.

"ಬಿದ್ದರ ಮನೀಗೆ ಬರಬ್ಯಾಡ!" ಕೆಂಚಪ್ಪ ಮೈದಾನದಿಂದ ಗುಡುಗಿದ.

ದಾನೇಶ್ವರಿ ಅಪ್ಪನ ಮಾತು ಕೇಳಿದಳು. ರೋಮಿನ ಗಳ ಕಸಿದು, ಮೊಣಕಾಲಿಗೆ ಬಡಿದು ಮುರಿದು, ಸಿಪ್ಪೆ ಸುಲಿದು ತಿನ್ನತೊಡಗಿದಳು.

"ಮೋಸ!" ಎಂದು ಅಲ್ಲಪ್ಪ ಸ್ಟೇಜು ಹತ್ತಿದ. ಆ ಕಡೆಯಿಂದ ಕೆಂಚಪ್ಪನೂ ಹತ್ತಿದ. "ಸಿಸಿಲಿ ನಮ್ಮದು!" ಎಂದು ಎರಡೂ ಓಣಿ ಎದ್ದು ನಿಂತವು. ಮಾಸ್ತರ ತಾಳ್ಮೆ ಹರಿಯಿತು. ಪರದೆ ಕಿತ್ತು ಹೊರಗೆ ಹಾರಿ, "ಸತ್ತವರ ಜಗಳಕ್ಕ ನೀವ್ಯಾಕ ಸಾಯ್ತೀರೋ!" ಎಂದು ಗರ್ಜಿಸಿದರು.

ಆ ಗರ್ಜನೆಗೆ ಬೆಚ್ಚಿದ್ದು ಎಮ್ಮೆಯೊಂದೇ. ಸೊಂಡಿಲು ಹಾರಿಸಿ, ಸ್ಟೇಜಿನಿಂದ ಧುಮುಕಿ, ಸಾಹೇಬರ ಹಾರಕ್ಕೆ ಬಾಯಿ ಹಾಕಿತು. ಅದು ಹಾರ ಜಗ್ಗಿತು, ಹಾರದೊಡನೆ ಸಾಹೇಬರೂ ಹೊರಟರು.

"ಹಗ್ಗ ಹಿಡಿಯೋ ಅಲ್ಲಪ್ಪಾ!" ಕೆಂಚಪ್ಪ ಕೋಡಿಗೆ ಜೋತುಬಿದ್ದ.

"ಹಿಡದೇನಿ, ನೀ ಕೋಡ ಬಿಡಬ್ಯಾಡೋ!"

ಇಬ್ಬರೂ ಕೂಡಿ ಎಮ್ಮೆಯನ್ನು ನಿಲ್ಲಿಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಮೀಸೆಯಲ್ಲೂ ಚೆಂಡು ಹೂವು. ಮೊದಲು ನಕ್ಕದ್ದು ಯಾರೋ ತಿಳಿಯದು. ಸ್ವಲ್ಪ ಹೊತ್ತಿಗೆ ಎರಡೂ ಓಣಿಯವರು ಹೊಟ್ಟೆ ಹಿಡಿದುಕೊಂಡಿದ್ದರು.

ನಗದವರು ಸಾಹೇಬರೊಬ್ಬರೇ. ಮೈಯ ಧೂಳು ಝಾಡಿಸುತ್ತಾ, "ಯಲ್ಲಾಲಿಂಗ! ನಿನ್ನ ನಾಳೇನ ಈ ಊರಿಂದ ಎತ್ತಿ ಒಗೀತೇನಿ!" ಎಂದು ಕಿರುಚಿದರು.

ಮಾಸ್ತರ ಎದೆಯಲ್ಲಿ ಹೋಳಿಗೆ ಬೆಂದಂತಾಯಿತು. ಒಳ್ಳೆಯದರಿಂದ ಆಗದ ವರ್ಗ ಕೆಟ್ಟದ್ದರಿಂದ ಆಗುತ್ತಿದೆ, ಎತ್ತ ಒಗೆದರೂ ಈ ಬಸ್ಸು ತಪ್ಪೀತು! ಮುಖ ಸಣ್ಣದು ಮಾಡಿ, "ತಪ್ಪಾತ್ರಿ ಸಾಹೇಬ್ರ, ಖಂಡಿತ ಒಗೀರಿ" ಅಂದರು.

"ಹೆಂಗ ಒಗೀತೀರಿ?" ಹೊರಟ ಸಾಹೇಬರ ಜೀಪಿಗೆ ಕೆಂಚಪ್ಪ ಅಡ್ಡ ನಿಂತ. ಬಾಜೂ ನಿಂತ ಅಲ್ಲಪ್ಪ ದನಿಗೂಡಿಸಿದ. "ಅಜ್ಜನ ಕಾಲದಿಂದ ಮಾತಿಲ್ಲದ ನಮ್ಮನ್ನ ಮಾತಾಡಿಸಿದಂಥ ಮಾಸ್ತರ ಇವರು! ರಿಟೈರ್ ಆಗೂ ತನಕ ಇಲ್ಲೇ ಇರ್ತಾರ. ಹೂಂ ಅನ್ನೂ ಮಟ ಜೀಪ ಬಿಡೂದಿಲ್ಲ."

"ಬ್ಯಾಡ್ರೋ! ಅವರು ಹೇಳೂದ ಬರೋಬ್ಬರಿ ಐತಿ!" ಮಾಸ್ತರು ಚೀರಿದರು.

"ನೋಡ್ರಿ, ಎಂಥಾ ದೊಡ್ಡ ಮನಸ," ಎಂದು ಅಲ್ಲಪ್ಪ ಕಣ್ಣೊರೆಸಿಕೊಂಡ.

ಎರಡೂ ಓಣಿ ಜೀಪನ್ನು ಸುತ್ತುವರಿದವು. ಎಮ್ಮೆಯೂ ಬಂತು. ಸಾಹೇಬರು ಅದನ್ನು ನೋಡಿ, "ಆತ್ರಪಾ, ನೀವೇ ಇಟಗೊಳ್ರಿ" ಎಂದು ಕೈ ಮುಗಿದರು.

ಅಷ್ಟರಲ್ಲಿ ಮಾಸ್ತರ ಫೋನು ಹಾಡಿತು. ಹೆಂಡತಿ ಭಾಗ್ಯಾ. ಮಾಸ್ತರು ಸಿಟ್ಟಿಗೆ ಫೋನನ್ನೇ ಒಗೆಯಲು ಕೈ ಎತ್ತಿದರು. ಅಲ್ಲಪ್ಪ ಫೋನು ಇಸಿದುಕೊಂಡ.

"ಅಕ್ಕಾರ, ಇನ್ನ ಮಾಸ್ತರಿಗೆ ಬಸ್ಸಿನ ತ್ರಾಸ ಇಲ್ಲರಿ. ಕೆಂಚಪ್ಪನ ದನದ ಕೊಟ್ಟಗಿ ಬಾಜೂ ಒಂದು ಖೋಲಿ ಖಾಲಿ ಐತಿ. ನೀವು ಸಾಮಾನ ಕಟ್ಟಿ ಇಡ್ರಿ. ನಾಳೆ ಎರಡೂ ಓಣಿ ಕೂಡಿ ಗೋಕಾಕಕ್ಕ ಬರಾಕತ್ತೇವಿ!"