‘ಊಟ ಆತೇನ್ರಿ’ ಎಂಬ ಮಾತಿನ ಮಾಲೀಕರು

ನನ್ನ ಸಮಗ್ರ ಸಾಹಿತ್ಯ ಎರಡೇ ಪದಗಳದ್ದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ಪುಸ್ತಕವಾಗಿ ಬಂದದ್ದಲ್ಲ. ತೆಲಂಗಾಣದ ಜಹೀರಾಬಾದ್ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ನಮ್ಮಕ್ಕನ ಖಾನಾವಳಿಯ ಬಾಗಿಲ ಮೇಲೆ, ತಗಡಿನ ಬೋರ್ಡಾಗಿ ಪ್ರಕಟವಾಗಿತ್ತು. ‘ಊಟ ಆತೇನ್ರಿ’. ಇಷ್ಟೇ. ಕೆಳಗೆ ತೆಲುಗು ಮತ್ತು ಉರ್ದು ಅಕ್ಷರಗಳಲ್ಲಿ ಇದೇ ಮಾತು ಇದ್ದುದರಿಂದ, ಏಕಕಾಲಕ್ಕೆ ಮೂರು ಲಿಪಿಗಳಲ್ಲಿ ಪ್ರಕಟವಾದ ಕೃತಿ ಎಂದು ನಮ್ಮ ಕೊಹೀರ್ ಶಾಲೆಯ ಸ್ಟಾಫ್ ರೂಮಿನಲ್ಲಿ ಆಗಾಗ ಜ್ಞಾಪಿಸುತ್ತಿದ್ದೆ. ನಾನು ಸಮಾಜ ವಿಜ್ಞಾನದ ಮಾಸ್ತರ. ನಮ್ಮ ಗಣಿತದ ಮಾಸ್ತರರು ಕವನ ಬರೆಯುತ್ತಾರೆ. ಅವರ ಕವನಗಳನ್ನು ಓದಿ ಯಾರೂ ಒಳಗೆ ಬಂದು ಕೂತಿಲ್ಲ, ನನ್ನ ಕೃತಿ ಓದಿದವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿದ್ದಾರೆ. ಇದನ್ನೂ ನಾನು ಅವರಿಗೆ ಹೇಳಿದ್ದೇನೆ. ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ.

ಅಕ್ಕ ಖಾನಾವಳಿ ಇಟ್ಟದ್ದು ಭಾವ ತೀರಿಕೊಂಡ ಮೇಲೆ. ನಮ್ಮ ಮನೆಗೆ ಬಂದಿರು ಎಂದರೆ ಕೇಳಲಿಲ್ಲ. “ನಿಮ್ಮನ್ಯಾಗ ನಾಕ್ ದಿನ ಇರಾಕ ಚಂದ, ಜಲ್ಮ ಕಳ್ಯಾಕಲ್ಲ” ಎಂದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾದ ಹಿಂಡಿ ಮಾಡುತ್ತಿದ್ದಳು. ಮೊದಮೊದಲು ಯಾರೂ ಬರುತ್ತಿರಲಿಲ್ಲ. ಅವಳು ಬಿಸಿ ಹಂಚಿನ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಹೆಸರು ಬೇಕು ಅಕ್ಕಾ ಎಂದೆ. ಬೋರ್ಡು ಬಂತು. ನಾರಾಯಣಖೇಡ ಬಸ್ಸಿನ ಡ್ರೈವರೊಬ್ಬ ಅದನ್ನು ನೋಡಿ ನಕ್ಕು ಒಳಗೆ ಬಂದ, ಮರುದಿನ ಕಂಡಕ್ಟರನನ್ನೂ ಕರೆತಂದ. ಆಮೇಲೆ “ಊಟ ಆತೇನ್ರಿಗೆ ಹೋಗೂಣು” ಎಂದು ಜನ ಹೇಳುವುದು ರೂಢಿಯಾಯಿತು. ಅಕ್ಕನ ಮುಖದಲ್ಲಿ ಮತ್ತೆ ನಗು ಬಂತು. ಅದು ನನ್ನ ಬರವಣಿಗೆಯ ಪ್ರಭಾವ ಎಂದು ನಾನು ನಂಬಿದ್ದೆ. ರೊಟ್ಟಿಯದೂ ಸ್ವಲ್ಪ ಪಾತ್ರ ಇದ್ದಿರಬಹುದು.

ಹೀಗಿರುವಾಗ ಹೆದ್ದಾರಿಯ ಬದಿಗೆ ಗಾಜಿನ ಬಾಗಿಲಿನ ಫಾಸ್ಟ್‌ಫುಡ್ ಅಂಗಡಿಯೊಂದು ಎದ್ದಿತು. ದೊಡ್ಡ ಕಂಪನಿಯದು, ಊರೂರಿಗೆ ಶಾಖೆ. ಕೊಹೀರ್ ಬಸ್ಸಿನ ಕಿಟಕಿಯಿಂದ ನೋಡಿದರೆ ನೆತ್ತಿಯ ಮೇಲೆ ದೀಪ ಹತ್ತುವ ಅಕ್ಷರಗಳಲ್ಲಿ ‘ಊಟ ಆತೇನ್ರಿ’ ಎಂದಿದೆ! ನಾನು ಸಿಟ್ಟಾಗಬೇಕಿತ್ತು. ಆದರೆ ಆಗ ನನಗಾದದ್ದು ಸಂತೋಷ. ಕೃತಿಚೌರ್ಯ ನಡೆಯುವುದು ದೊಡ್ಡ ಲೇಖಕರದು ಮಾತ್ರ ಎಂದು ಸ್ಟಾಫ್ ರೂಮಿನಲ್ಲಿ ಗಂಭೀರವಾಗಿ ಹೇಳಿದೆ. ಗಣಿತದ ಮಾಸ್ತರರು ಎದ್ದು ಹೊರಗೆ ಹೋದರು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಕಂಪನಿಯ ವಕೀಲರಿಂದ ಅಕ್ಕನಿಗೆ ನೋಟಿಸು ಬಂತು. ಆ ಎರಡು ಪದಗಳು ತಮ್ಮ ಕಂಪನಿಯ ನೋಂದಾಯಿತ ಟ್ರೇಡ್‌ಮಾರ್ಕ್. ಅಕ್ಕ ಅವನ್ನು ಕದ್ದು ಬಳಸುತ್ತಿದ್ದಾಳೆ. ಕೂಡಲೇ ಬೋರ್ಡು ಇಳಿಸಬೇಕು, ನಷ್ಟ ತುಂಬಿಕೊಡಬೇಕು, ಇಲ್ಲವಾದರೆ ಕೋರ್ಟಿಗೆ ಬರಬೇಕು. ಅಕ್ಕ ಹಿಟ್ಟಿನ ಕೈಯಲ್ಲೇ ಅದನ್ನು ನನಗೆ ಕೊಟ್ಟು, “ಓದಿ ಹೇಳು ತಮ್ಮಾ, ಯಾರ್ದು ಲಗ್ನ?” ಎಂದಳು. ನಾನು ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಅಂದ್ರ ದುಕಾನ ಮುಚ್ಚಬೇಕೇನು?” ಎಂದು ಕೇಳಿದಾಗ ಅವಳ ದನಿ ಭಾವ ತೀರಿಕೊಂಡ ದಿನಗಳ ದನಿಯಾಗಿತ್ತು. ನನಗೆ ನಿಜಕ್ಕೂ ಭಯವಾಯಿತು. ಆ ಹೆಸರು ಇಟ್ಟವನು ನಾನೇ ಅಲ್ಲವೇ?

ನಮ್ಮೂರಿನ ವಕೀಲ ಸಾಹೇಬರ ಹತ್ತಿರ ಓಡಿದೆ. ಅವರು ನನ್ನನ್ನು ಕಂಡವರೇ, “ಆವ್ ಆವ್ ಮಾಸ್ತರ್ ಸಾಬ್, ಬರ್ರಿ ಬರ್ರಿ, ಊಟ ಆತೇನ್ರಿ?” ಎಂದರು. “ಆತ್ರಿ” ಎಂದು ಕೂತೆ. ನೋಟಿಸನ್ನು ಓದಿ ಅವರು ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

“ಈ ಮಾತು ಮೊದಲ ಉಪಯೋಗ ಮಾಡಿದ್ದು ಯಾರ್ರಿ?” ಎಂದು ವೃತ್ತಿಯ ದನಿಯಲ್ಲಿ ಕೇಳಿದರು.

“ನಾನ್ರೀ” ಎಂದೆ, ಎದೆಯ ಮೇಲೆ ಕೈಯಿಟ್ಟು.

“ಯಾವಾಗಿಂದ?”

“ಮಾತು ಬಂದಾಗಿಂದ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಕೇಸು ನಡೆಸಿದರೆ ಗೆದ್ದರೂ ಗೆಲ್ಲಬಹುದು, ಎಲ್ಲರ ಬಾಯಲ್ಲಿರುವ ಮಾತಿಗೆ ಒಬ್ಬರು ಬೇಲಿ ಹಾಕಿಕೊಳ್ಳುವುದು ಸುಲಭವಲ್ಲ ಎಂದರು. “ಖರೆ, ತಾರೀಖಿಗೊಮ್ಮೆ ಹೈದರಾಬಾದಿಗೆ ಅಕ್ಕೋರು ಬರಬೇಕಾಗ್ತದ. ಆವತ್ತ ರೊಟ್ಟಿ ಯಾರು ಬಡೀತಾರ್ರಿ? ನೀವೇನು?” ನಾನು ಬಡಿದ ರೊಟ್ಟಿಯನ್ನು ನೋಡಿ ನನ್ನ ಹೆಂಡತಿ ಒಮ್ಮೆ ಅದು ಯಾವ ಜಿಲ್ಲೆಯ ನಕಾಶೆ ಎಂದು ಕೇಳಿದ್ದಳು.

ಶತ್ರುವಿನ ಪಾಳೆಯವನ್ನು ಕಣ್ಣಾರೆ ಕಂಡು ಬರೋಣ ಎಂದು ಮರುದಿನ ಶಾಲೆ ಬಿಟ್ಟವನು ನೇರ ಹೆದ್ದಾರಿಯ ಅಂಗಡಿಗೆ ಹೋದೆ. ಒಳಗೆ ಎ.ಸಿ. ತಣ್ಣಗಿತ್ತು. ಕೌಂಟರಿನಲ್ಲಿ ಟೋಪಿ ಹಾಕಿದ ಹುಡುಗಿ, ತಾಂಡೂರಿನ ಕಡೆ ಯಾಲಾಲದವಳಂತೆ. ಬಂದವರಿಗೆಲ್ಲ ನಗುತ್ತ ಮೊದಲು “ಊಟ ಆತೇನ್ರಿ?” ಎನ್ನಬೇಕು, ಅದು ಕಂಪನಿಯ ಕಾನೂನು. ನನ್ನ ಮುಂದೆ ರಾಯಿಕೋಡ್ ಕಡೆಯ ಇಬ್ಬರು ಹಿರಿಯರು ನಿಂತಿದ್ದರು, ಕುರಿ ಮಾರಿ ಬಂದವರು. ಹುಡುಗಿ ಕೇಳಿದಳು. “ಆತವ್ವಾ, ಆತು” ಎಂದರು ಇಬ್ಬರೂ, ಮರ್ಯಾದಸ್ಥರು ಹೇಳುವ ಹಾಗೆ, ಮತ್ತು ಹೋಗಿ ಮೆತ್ತನೆಯ ಕುರ್ಚಿಗಳಲ್ಲಿ ಕೂತರು.

ಇಲ್ಲಿ ನಮ್ಮ ಕಡೆಯ ಪದ್ಧತಿ ಸ್ವಲ್ಪ ಹೇಳಬೇಕು. ಊಟ ಆಯಿತೇ ಎಂದು ಯಾರಾದರೂ ಕೇಳಿದರೆ, ಕರುಳು ಒಣಗಿ ಹೋಗಿದ್ದರೂ ಆಯಿತು ಎನ್ನಬೇಕು. ಇಲ್ಲ ಎಂದವನು ಹೊಟ್ಟೆಬಾಕ. ಕೇಳಿದವರು ಅದನ್ನು ನಂಬಬಾರದು. ಮತ್ತೆ ಕೇಳಬೇಕು, ಕೈ ಹಿಡಿದು ಎಳೆಯಬೇಕು, “ನಮ್ಮನಿ ಊಟ ನಿಮಗ ನಡ್ಯಂಗಿಲ್ಲೇನು?” ಎಂದು ಮುನಿಸಿಕೊಳ್ಳಬೇಕು. ಆಗ ಮಾತ್ರ ಇವರು “ನಿಮ್ಮ ಸಲುವಾಗಿ ಒಂದ್ ತುತ್ತು” ಎಂದು ಕೂತು ಹೊಟ್ಟೆ ತುಂಬ ಉಣ್ಣಬೇಕು. ಕಂಪನಿಯವರು ಇದರಲ್ಲಿ ಮೊದಲ ಸಾಲನ್ನಷ್ಟೇ ರಿಜಿಸ್ಟರ್ ಮಾಡಿಸಿಕೊಂಡಿದ್ದರು.

ನನ್ನ ಸರದಿ ಬಂತು. ಬೆಳಗಿನಿಂದ ಚಹದ ಮೇಲಿದ್ದೆ. ಒಳಗಿನಿಂದ ಕರಿದ ಎಣ್ಣೆಯ ಘಮ ಬರುತ್ತಿತ್ತು. ಅವರ ಪದಾರ್ಥವನ್ನೂ ಒಮ್ಮೆ ಪರೀಕ್ಷಿಸುವ ಉದ್ದೇಶ ನನಗಿತ್ತು.

“ಊಟ ಆತೇನ್ರಿ ಸರ?”

“ಆತ್ರಿ” ಎಂದೆ. ಬಾಯಿಯಿಂದ ತಾನಾಗಿ ಬಂತು. ಇನ್ನೊಮ್ಮೆ ಕೇಳಲಿ ಎಂದು ಕಾದೆ. ಆಕೆ ಕೇಳಲಿಲ್ಲ. ಮೆಲ್ಲಗೆ, “ಎರಡನೇ ಸಲ ಕೇಳಬ್ಯಾಡ ಅಂತ ಹೇಳ್ಯಾರ್ರಿ ಸರ. ಮಂದಿಗಿ ತ್ರಾಸ ಆಗ್ತದಂತ” ಎಂದಳು. ಆಕೆಯ ಕಣ್ಣಲ್ಲಿ ನಿಜವಾದ ಸಂಕೋಚವಿತ್ತು, ಯಾಕೆಂದರೆ ಆಕೆಯೂ ನಮ್ಮ ಕಡೆಯವಳೇ. ನಾನೂ ಹೋಗಿ ರಾಯಿಕೋಡ್ ಹಿರಿಯರ ಪಕ್ಕದಲ್ಲಿ ತಣ್ಣಗೆ ಕೂತೆ. ಮೂವರೂ ಹಸಿದಿದ್ದೆವು. ಯಾರೂ ಹೇಳಲಿಲ್ಲ.

ಆದರೂ ಯುದ್ಧ ಮಾಡಿಯೇ ತೀರುವುದೆಂದು ನಿಶ್ಚಯಿಸಿ ಅಲ್ಲಿಂದ ಎದ್ದೆ. ದಾರಿಯುದ್ದಕ್ಕೂ ನ್ಯಾಯಾಧೀಶರ ಮುಂದೆ ಮಾಡಬೇಕಾದ ಭಾಷಣ ಹೊಂದಿಸುತ್ತ ಖಾನಾವಳಿಗೆ ಬಂದರೆ, ಅಕ್ಕ ಸ್ಟೂಲಿನ ಮೇಲೆ ನಿಂತು, ಬಾಗಿಲಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣವನ್ನು ಬೋರ್ಡಿಗೆ ಬಳಿಯುತ್ತಿದ್ದಳು. ಕನ್ನಡ ಹೋಗಿತ್ತು, ತೆಲುಗು ಹೋಗಿತ್ತು, ಉರ್ದುವಿನ ಒಂದು ತುದಿ ಉಳಿದಿತ್ತು.

“ಅಕ್ಕಾ, ಏನ್ ಮಾಡ್ಲಿಕತ್ತಿ! ಅದು ನನ್ನ ಮಾತು!” ಎಂದು ಕೂಗಿದೆ.

ಅಕ್ಕ ಕುಂಚ ಹಿಡಿದುಕೊಂಡೇ ತಿರುಗಿದಳು. “ನಿಂದಾ? ಅವ್ವ ಹೊಸ್ತಿಲದಾಗ ನಿಂತು ಹೋಗೋರಿಗೆ ಬರೋರಿಗೆ ದಿನಾ ಕೇಳ್ತಿದ್ಲಲ್ಲ, ಆಕಿ ನಿನಗ ಎಂದಾರ ನೋಟಿಸ್ ಕೊಟ್ಳೇನು?”

ಆ ಮಾತಿಗೆ ಹಕ್ಕುದಾರರು ಕಂಪನಿಯವರೋ ಅಕ್ಕನೋ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಮೂರನೆಯ ದಾವೇದಾರನಾಗಿ ನಾನೂ ಸಾಲಿನಲ್ಲಿ ನಿಂತದ್ದು ನನಗೇ ಗೊತ್ತಾಗಿರಲಿಲ್ಲ. ಅಕ್ಕನ ಸ್ಟೂಲು ಅಲುಗದಂತೆ ಹಿಡಿದುಕೊಂಡೆ.

ಅಷ್ಟರಲ್ಲಿ ರಸ್ತೆಯಲ್ಲಿ ಬ್ಯಾಗು ಹಿಡಿದ ಒಬ್ಬ ಪ್ರಯಾಣಿಕ ಬೋರ್ಡು ಹುಡುಕುತ್ತ ನಿಂತ. ಅಕ್ಕ ಸ್ಟೂಲಿನ ಮೇಲಿಂದಲೇ, “ಊಟ ಆತೇನ್ರಿ ಅಣ್ಣಾ?” ಎಂದಳು. “ಆತ್ರಿ” ಎಂದ ಆತ. “ಎಲ್ಲಿ ಆಗ್ಯಾದ, ಮುಖ ಬಾಡ್ಯಾದ ನೋಡ್ರಿ. ಬರ್ರಿ, ಹಂಚಿನ ಮ್ಯಾಗಿನ ರೊಟ್ಟಿ ಅವ” ಎಂದು ಇಳಿದು ಒಳಗೆ ನಡೆದಳು. ಆತ ಚಪ್ಪಲಿ ಬಿಟ್ಟು ಹಿಂದೆಯೇ ಹೋದ. “ಬರೀಬ್ಯಾಡ ಅಂದಾರ, ಕೇಳಬ್ಯಾಡ ಅಂದಿಲ್ಲಲ್ಲ” ಎಂದು ಅಕ್ಕ ನನಗೆ ಹೇಳಿದಳು. ಬೋರ್ಡು ಅಳಿಸಿದ್ದಾಗಿದೆ ಎಂದು ವಕೀಲ ಸಾಹೇಬರು ಒಂದು ಉತ್ತರ ಬರೆದರು. ಆ ಕಡೆಯಿಂದ ಮತ್ತೆ ಸುದ್ದಿಯಿಲ್ಲ. ಖಾನಾವಳಿಯಲ್ಲಿ ಹಂಚು ಆರುವುದಿಲ್ಲ.

ಬೋರ್ಡಿಗೆ ಬಣ್ಣ ಬಳಿದ ಆ ಸಂಜೆ ಮಾತ್ರ ನಾನು ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದೆ. ಮೂರು ಲಿಪಿಗಳ ಸಮಗ್ರ ಸಾಹಿತ್ಯ ಹಸಿರಾಗಿ ಒಣಗುತ್ತಿತ್ತು. ಅಕ್ಕ ತಾಟು ತಂದಿಟ್ಟಳು. ನಾನು ಬೋರ್ಡಿಗೆ ಇನ್ನೊಂದು ಹೆಸರು ಸೂಚಿಸಲು ಬಾಯಿ ತೆರೆದೆ. ಅವಳು ತಾಟಿಗೆ ಬಿಸಿ ರೊಟ್ಟಿ ಹಾಕಿ, “ಸುಮ್ನ ಉಣ್ಣು” ಎಂದಳು.

ಸುಮ್ಮನೆ ಉಣ್ಣತೊಡಗಿದೆ. ಪುಂಡಿ ಪಲ್ಯದ ಹುಳಿ ನಾಲಗೆಗೆ ತಾಗುತ್ತಲೇ ಹೊಳೆಯಿತು: ‘ಸುಮ್ನ ಉಣ್ಣು’! ಎಂಥ ಹೆಸರು, ಎಂಥ ಗತ್ತು! ಅಕ್ಕನಿಗೂ ಹೇಳುವುದು ಬೇಡ, ಬೆಳಗಾಗುತ್ತಲೇ ವಕೀಲ ಸಾಹೇಬರಲ್ಲಿಗೆ ಹೋಗಿ, ಇದನ್ನು ಮೊದಲು ನನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿಕೊಳ್ಳಬೇಕು ಎಂದು ನಿರ್ಧರಿಸಿ, ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.